ಕಸುವು ಎಂಬುದಕ್ಕೆ ಕೊಂಕಣಿಯಲ್ಲಿ

ವಾಳಪೈ ದವಾಖಾನೆಯಲ್ಲಿ ನನ್ನ ಕೆಲಸ ಚೀಟಿ ಬರೆಯುವುದು.
ಖಾನಾಪುರದವನೆಂದು ಗೊತ್ತಾದ ಮೇಲೆ
ಗೇರುತೋಟದ ಆಳುಗಳ ನೋವನ್ನೆಲ್ಲ
ಈ ದಂಡೆಯಿಂದ ಆ ದಂಡೆಗೆ ದಾಟಿಸುವುದೂ ನನ್ನ ಪಾಲಿಗೇ ಬಂತು.
ಅದಕ್ಕೆ ಸಂಬಳವಿಲ್ಲ, ಚಹಾ ಇದೆ.

ಸತ್ತೆವ್ವಾ, ಎಂದು ಕೂಗಿದರೆ
ಸಾಲಿನಲ್ಲಿದ್ದ ಕನ್ನಡದವರು ಮಾತ್ರ ಬೆಚ್ಚಿ ನೋಡುತ್ತಾರೆ.
ಅವಳು ನಗುತ್ತಾಳೆ: ಸತ್ಯವ್ವನ ಹೆಸರ್ರೀ ಅದು,
ಮಂದಿ ಬಾಯಾಗ ಸವದು ಹಿಂಗಾಗೈತಿ.
ಮಂಗನ ಕಾಯಿಲೆಯಲ್ಲಿ ಹನ್ನೆರಡು ದಿನ ಒಳಗೆ ಮಲಗಿ
ಎದ್ದು ಹೋದವಳು. ಕಾಗದದ ಪ್ರಕಾರ ಗುಣವಾದವಳು.
ಆಗ ಏಳನೇ ತಿಂಗಳು, ಅದು ಒಂಬತ್ತನೇ ಚೀಟಿ.

ಏನಾಗ್ತದೆ?
ಕಸುವಿಲ್ರೀ. ಜೀವ ಸಣ್ಣಾಗೈತಿ.
ಕೊಡ ಎತ್ತಿದರ ಕೈ ತಮ್ಮಷ್ಟಕ್ಕ ತಾವ ಕುಣೀತಾವ.
ನಾನು ಕೊಂಕಣಿಯಲ್ಲಿ ಹೇಳಿದೆ: ತ್ರಾಣ ನಾ.
ಎಷ್ಟು ಸಪ್ಪೆ! ಸೇರು ಜೋಳ ಕೊಟ್ಟು
ಹಿಡಿ ಹೊಟ್ಟು ತಂದ ಹಾಗೆ.
ಹಿಂದಿನ ಡಾಕ್ಟರು ಅದನ್ನೇ ಬರೆದುಕೊಂಡು
ಶಕ್ತಿಯ ಗುಳಿಗೆ ಕೊಟ್ಟಿದ್ದರು, ಎಂಟು ಸಲ.

ಆ ಮಂಗಳವಾರ ಹೊಸಬರು, ಫುರ್ಟಾಡೊ ಮೇಡಂ.
ಪೆನ್ನಿನ ಮುಚ್ಚಳ ಹಾಕಿದರು. ಎದುರು ಕೋಣೆಯಿಂದ
ಆಯುರ್ವೇದದ ಗಾವಸರನ್ನೂ ಕರೆಸಿ ಪಕ್ಕದಲ್ಲಿ ಕೂರಿಸಿದರು.
ಒಬ್ಬರು ರಕ್ತದ ಕಾಗದ ಹಿಡಿದರು, ಒಬ್ಬರು ನಾಡಿ,
ಇಬ್ಬರೂ ಅವಳ ಮುಖ ನೋಡಿದರು.
ಎಲ್ಲಿ ಮಲಗುತ್ತೀ? ತಗಡಿನ ಶೆಡ್ಡಿನಾಗ.
ಗೋಡೆ? ಹಸೀನ ಐತ್ರಿ, ಬೂಸು ಹಿಡದೈತಿ.
ಕುಡಿಯುವ ನೀರು? ಮಾಲಕ ಕೊಟ್ಟ ನೀಲಿ ಡ್ರಮ್ಮಿನಾಗ.
ಡ್ರಮ್ಮಿನಲ್ಲಿ ಮೊದಲೇನಿತ್ತು? ಗಿಡಕ್ಕ ಹೊಡಿಯೂ ಎಣ್ಣಿ.
ಇದನ್ನು ಕೊಂಕಣಿಗೆ ತರಲು ನನಗೆ ಕಷ್ಟವಾಗಲಿಲ್ಲ.
ಗಾವಸರು ನಾಡಿ ಬಿಟ್ಟರು.

ಜ್ವರ ಬರುವ ಮೊದಲು, ಆ ವಾರ, ಏನು ಮಾಡಿದಿ?
ಅವಳು ನನ್ನನ್ನೇ ನೋಡಿದಳು,
ಹೇಳಲೋ ಬೇಡವೋ ಎಂಬುದನ್ನೂ
ನಾನೇ ದಾಟಿಸಬೇಕೆಂಬಂತೆ.

"ಗಿಡದ ಬುಡಕ ಸತ್ತು ಬಿದ್ದಿತ್ರೀ, ಹೆಣ್ಣ ಮಂಗ್ಯಾ,
ಎದಿಗೆ ಕೈ ಮಡಚಿಕೊಂಡು. ಮಾಲಕ ಅಂದ,
ಸರಕಾರದವ್ರಿಗೆ ಹೇಳಿದರ ತ್ವಾಟಾ ಬಂದ್, ಸುಗ್ಗಿ ಬಂದ್.
ಮಾರುತೀನ ಅಲ್ಲೇನ್ರೀ ಅದು?
ಉಡಿಯಾಗ ಹೊತ್ತೊಯ್ದು ಹಳ್ಳದ ದಂಡಿಗೆ ಮಣ್ಣು ಕೊಟ್ಟೆ.
ಅರಿಷಿಣ ಇರಲಿಲ್ಲ. ಒಂದು ಗೇರಹಣ್ಣ ಹಿಂಡಿದೆ."

ಆರಿದ ಮೈ ಬಿಟ್ಟು ಬಿಸಿ ಮೈ ಹುಡುಕುತ್ತವೆ ಉಣ್ಣಿಗಳು,
ಎಳ್ಳಿನಷ್ಟು, ಎಳ್ಳಿಗಿಂತ ಸಣ್ಣವು.
ಅವಕ್ಕೆ ಪಾಪ ಗೊತ್ತಿಲ್ಲ, ಭಕ್ತಿ ಗೊತ್ತಿಲ್ಲ.
ಮೇಡಂ ಹೇಳಿದ್ದು ಇದನ್ನೇ, ಉದ್ದಕ್ಕೆ.
ನಾನು ಹೇಳಿದ್ದು ಇಷ್ಟೇ:
ಶಾಪ ಅಲ್ಲ ಯವ್ವಾ, ಉಣ್ಣಿ.
ಫ್ಯಾನು ನಿಂತಿತ್ತು. ಅವಳು ಬಿಟ್ಟ ಉಸಿರಿಗೆ
ಮೇಜಿನ ಮೇಲಿನ ಚೀಟಿಗಳು ಅಲುಗಿದವು.

ಆಮೇಲಿನದು ಪವಾಡವೇನಲ್ಲ.
ಡ್ರಮ್ಮು ಬದಲಾಯಿತು, ಎರಡು ಜಗಳದ ನಂತರ.
ಅಮೃತಬಳ್ಳಿಯ ಕಷಾಯ ಶುರುವಾಯಿತು,
ಯಕೃತ್ತಿನ ಅಂಕಿ ಏರಿದ್ದು ಕಂಡು
ಗಾವಸರೇ ನಿಲ್ಲಿಸಿದರು, ನಾಚದೆ.
ಅಂಗೈಗೆ ಎಳ್ಳೆಣ್ಣೆ ತಿಕ್ಕುವುದು ಉಳಿಯಿತು,
ದಿನಕ್ಕೆ ಹತ್ತು ಹೆಜ್ಜೆ ಹೆಚ್ಚು, ಮಧ್ಯಾಹ್ನ ಮಲಗುವ ಹಠ.
ಯಾವುದು ಹಿಡಿಯಿತೆಂದು ಇಬ್ಬರೂ ಹೇಳರು.
ನನಗೂ ಗೊತ್ತಿಲ್ಲ ಎಂಬ ಮಾತು
ಯಾವ ಭಾಷೆಯಲ್ಲೂ ತೂಕ ಕಳೆದುಕೊಳ್ಳುವುದಿಲ್ಲ.

ಮತ್ತೆ ಗೇರು ಕೆಂಪಾಗಿದೆ. ನಿನ್ನೆ ಬಂದಿದ್ದಳು.
ಕಾಲಿಗೆ ಉಣ್ಣಿ ಓಡಿಸುವ ಎಣ್ಣೆ,
ತೀರಿಹೋದ ಗಂಡನ ಪ್ಯಾಂಟು, ಸಾಕ್ಸಿನೊಳಗೆ ತುರುಕಿ.
ಹುರಿದ ಬೀಜ ತಂದಿದ್ದಳು, ಹಳೆಯ ಚೀಟಿಯೊಂದರಲ್ಲಿ ಕಟ್ಟಿ.
ಬಿಚ್ಚುವಾಗ ಬೆರಳು ಕುಣಿದವು, ಎರಡು ಬೀಜ ಉರುಳಿದವು.
ಕಸುವು? ಅಂದೆ.
"ಅರ್ಧ ಬಂದೈತ್ರಿ," ಬಗ್ಗಿ ಆರಿಸಿಕೊಳ್ಳುತ್ತ ಅಂದಳು,
"ಇನ್ನರ್ಧಾ ಹಳ್ಳದ ದಂಡ್ಯಾಗೈತಿ."

ಏನಂತೆ? ಮೇಡಂ ಒಳಗಿನಿಂದ ಕೇಳಿದರು.
ಅರ್ಧ, ಎಂದೆ.